ಮುಖ ಕೊಟ್ಟು ಮಾತಾಡದ ಟೀಚರ್

ಬಿ.ಇಡಿ. ಕಾಲೇಜಿನಲ್ಲಿ ಕೆಲಸ ಮಾಡಿದಷ್ಟು ವರ್ಷವೂ ಬೇರೆಯವರ ಪಾಠಕ್ಕೆ ಅಂಕ ಹಾಕುವುದು ನನ್ನ ಪಾಲಿಗೆ ಬಂದ ಕೆಲಸವಾಗಿತ್ತು. ಬೋಧನಾ ಅಭ್ಯಾಸ ಶುರುವಾದರೆ ಯಾವುದೋ ಹೈಸ್ಕೂಲಿನ ಕೊನೆಯ ಬೆಂಚಿನಲ್ಲಿ ಮಕ್ಕಳ ಪಕ್ಕ ಇಕ್ಕಟ್ಟಾಗಿ ಕೂತು, ತೊಡೆಯ ಮೇಲೆ ಮೌಲ್ಯಮಾಪನದ ಹಾಳೆ ಇಟ್ಟುಕೊಂಡು ನಲವತ್ತು ನಿಮಿಷ ನೋಡಬೇಕು. ಹಾಳೆಯಲ್ಲಿ ಸಾಲಾಗಿ ಕಲಮುಗಳು: ಪೀಠಿಕೆ, ಪ್ರಶ್ನೆ ಕೇಳುವ ಕೌಶಲ, ಕಪ್ಪುಹಲಗೆಯ ಬಳಕೆ, ಧ್ವನಿಯ ಏರಿಳಿತ, ಹಾವಭಾವ, ಕಣ್ಣಿನ ಸಂಪರ್ಕ.

ಒಂದು ವರ್ಷ ಹತ್ತನೇ ತರಗತಿಗೆ ವೃತ್ತದ ಸ್ಪರ್ಶಕದ ಪಾಠ ಮಾಡಿದ ವಿದ್ಯಾರ್ಥಿನಿಯೊಬ್ಬರನ್ನು ನಾನು ಮರೆತಿಲ್ಲ. ಕೈಯಿಂದ ಗಾಜಿನ ಬಳೆಯೊಂದನ್ನು ತೆಗೆದು ಮೇಜಿನ ಮೇಲೆ ನಿಲ್ಲಿಸಿ ಹಿಡಿದು, ಕಡ್ಡಿಪೊರಕೆಯಿಂದ ಮುರಿದು ತಂದಿದ್ದ ಕಡ್ಡಿಯನ್ನು ಅದಕ್ಕೆ ತಾಗಿಸಿದರು. ಮಾತಾಡುವಾಗ ಕಣ್ಣು ಮಕ್ಕಳ ಮೇಲಿರಲಿಲ್ಲ. ಹಿಂದಿನ ಗೋಡೆಯಲ್ಲಿ, ನನ್ನ ತಲೆಗಿಂತ ಒಂದು ಗೇಣು ಮೇಲೆ ನೆಟ್ಟಿತ್ತು. ಧ್ವನಿ ಮೊದಲಿಂದ ಕೊನೆಯವರೆಗೆ ಒಂದೇ ಮಟ್ಟ. ಮೂರನೇ ಬೆಂಚಿನ ಹುಡುಗ ಎದ್ದು, "ಮಿಸ್, ಒಂದೇ ಬಿಂದುವಲ್ಲಿ ತಾಗುತ್ತೆ ಅಂತೀರಿ, ಇಲ್ಲಿ ಸ್ವಲ್ಪ ಉದ್ದಕ್ಕೇ ತಾಗಿದೆಯಲ್ಲ?" ಅಂದ. ಟೀಚರ್ ಸುಮ್ಮನಾದರು. ಅರ್ಧ ನಿಮಿಷ ಮಾತೇ ಇಲ್ಲ. ನಾನು ಹಾಳೆಯ ಮೇಲೆ 'ಅನಗತ್ಯ ಮೌನ' ಎಂದು ಬರೆದೆ. ಆಮೇಲೆ ಅವರು ಹೇಳಿದರು: "ನೀನು ಹೇಳಿದ್ದು ಸರಿ. ಈ ಕಡ್ಡಿಗೆ ದಪ್ಪ ಇದೆ, ಬಳೆಗೂ ಇದೆ. ಬೋರ್ಡ್ ಮೇಲೆ ಎಳೆದ ಗೆರೆಗೂ ಇದೆ. ಗಣಿತದ ಗೆರೆಗೆ ದಪ್ಪ ಇಲ್ಲ. ಅದನ್ನ ನಾನು ತೋರಿಸೋಕೆ ಆಗಲ್ಲ, ನೀವು ಯೋಚನೆ ಮಾಡಬೇಕು."

ಹುಡುಗ ತಕ್ಷಣ ಕೂರಲಿಲ್ಲ. ನಿಂತೇ ಬಳೆಯನ್ನು ನೋಡುತ್ತಿದ್ದ.

ಕಣ್ಣಿನ ಸಂಪರ್ಕಕ್ಕೆ ನಾನು ಐದರಲ್ಲಿ ಒಂದು ಕೊಟ್ಟೆ, ಧ್ವನಿಯ ಏರಿಳಿತಕ್ಕೂ ಒಂದು. ಕೆಳಗೆ ಷರಾ ಬರೆದೆ: 'ವಿಷಯಜ್ಞಾನ ಚೆನ್ನಾಗಿದೆ. ಮುಖ ಕೊಟ್ಟು ಮಾತಾಡುವುದನ್ನು ಕಲಿಯಬೇಕು.' ಎಷ್ಟೋ ವರ್ಷ ಕಳೆದ ಮೇಲೆ ಅವರೇ ಫೋನ್ ಮಾಡಿದರು. ಮಗನನ್ನು ತಪಾಸಣೆಗೆ ಕರೆದುಕೊಂಡು ಹೋದಲ್ಲಿ ತನಗೂ ಆಟಿಸಂ ಇದೆಯೆಂದು ಗೊತ್ತಾಯಿತು ಎಂದರು. ನನ್ನ ಷರಾ ಅವರಿಗೆ ಬಾಯಿಪಾಠವಾಗಿತ್ತು. "ಕಲಿತೆ ಸರ್. ಮುಖ ಕೊಟ್ಟು ಮಾತಾಡೋದು ಕಲಿತೆ. ಈಗ ಸಂಜೆ ಮನೆಗೆ ಬಂದ ಮೇಲೆ ಮಾತೇ ಬರಲ್ಲ."

ಆ ಫೋನಿನ ನಂತರ ಆಟಿಸಂ ಇರುವ ಶಿಕ್ಷಕರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಕೆಲವರೊಂದಿಗೆ ಮಾತಾಡಿದ್ದೇನೆ. ನನಗೆ ಮನದಟ್ಟಾದ ಸಂಗತಿ ಒಂದೇ. ಇವರಲ್ಲಿ ಅನೇಕರಿಗೆ ಪಾಠ ಮಾಡುವುದು ಹೊರೆಯಲ್ಲ. ಹೊರೆಯಿರುವುದು ಪಾಠದ ಸುತ್ತ: ಗಂಟೆ, ಗದ್ದಲ, ದಿಢೀರ್ ಆದೇಶ, ಸ್ಟಾಫ್ ರೂಮಿನ ಮಾತು, ಮತ್ತು ಇದೆಲ್ಲ ತನಗೆ ಕಷ್ಟವಾಗುತ್ತಿದೆ ಎಂದು ಯಾರಿಗೂ ಗೊತ್ತಾಗದಂತೆ ನೋಡಿಕೊಳ್ಳುವ ಕೆಲಸ. ಆ ಕೊನೆಯ ಕೆಲಸಕ್ಕೆ ಸಂಬಳವಿಲ್ಲ, ರಜೆಯೂ ಇಲ್ಲ.

ಮೊದಲು ಪದದ ವಿಚಾರ. ಸರ್ಕಾರಿ ಕಾಗದಗಳಲ್ಲಿ ಆಟಿಸಂಗೆ 'ಸ್ವಲೀನತೆ' ಎನ್ನುತ್ತಾರೆ. ಕೇಳಲು ಚೆಂದ, ಆದರೆ ದಾರಿ ತಪ್ಪಿಸುವ ಪದ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಜೆನ್ ಬ್ಲಾಯ್ಲರ್ ಗ್ರೀಕಿನ 'ತಾನು' ಎಂಬ ಪದದಿಂದ ಆಟಿಸಂ ಎಂಬ ಹೆಸರು ಕಟ್ಟಿದ್ದು ಸ್ಕಿಜೋಫ್ರೇನಿಯಾದ ಒಂದು ಲಕ್ಷಣಕ್ಕೆ. 1943ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿದ್ದ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದ ಲೇಖನದಲ್ಲಿ ಅದೇ ಹೆಸರು ಹೊಸ ಅರ್ಥ ಪಡೆಯಿತು. ಮರುವರ್ಷ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ಲೇಖನ ಬಂತು. ಇಬ್ಬರೂ ಬರೆದದ್ದು ಮಕ್ಕಳ ಬಗ್ಗೆ. ಹಾಗಾಗಿ ಮುಂದೆ ದಶಕಗಳ ಕಾಲ ಆಟಿಸಂ ಎಂದರೆ ಮಗು ಎಂದೇ ಎಲ್ಲರ ಕಣ್ಣಿಗೆ ಬರುತ್ತಿತ್ತು. ಆ ಮಕ್ಕಳು ಬೆಳೆಯುತ್ತಾರೆ, ಓದುತ್ತಾರೆ, ಕೆಲವರು ಚಾಕ್‌ಪೀಸ್ ಹಿಡಿದು ಬೋರ್ಡಿನ ಮುಂದೆ ನಿಲ್ಲುತ್ತಾರೆ ಎಂಬುದು ಯಾರಿಗೂ ತೋಚಿರಲಿಲ್ಲ. 1981ರಲ್ಲಿ ಬ್ರಿಟನ್ನಿನ ಲೋರ್ನಾ ವಿಂಗ್ ಆಸ್ಪರ್ಗರ್ ಹೆಸರನ್ನು ಮತ್ತೆ ಚಾಲ್ತಿಗೆ ತಂದ ಮೇಲೆ, ಚೆನ್ನಾಗಿ ಮಾತು ಬರುವ, ಓದಿ ಕೆಲಸಕ್ಕೆ ಸೇರುವವರೂ ಈ ಚಿತ್ರದೊಳಗೆ ಬಂದರು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಒಳಪಂಗಡಗಳನ್ನೆಲ್ಲ ತೆಗೆದು ಒಂದೇ ಹೆಸರಿನಡಿ ಸೇರಿಸಿತು. ಅದೇ ಆವೃತ್ತಿ ಶಬ್ದ, ಬೆಳಕು, ವಾಸನೆ, ಸ್ಪರ್ಶಗಳಿಗೆ ಅತಿಯಾಗಿ ಅಥವಾ ತೀರಾ ಕಡಿಮೆಯಾಗಿ ಸ್ಪಂದಿಸುವುದನ್ನೂ ಲಕ್ಷಣಗಳ ಪಟ್ಟಿಗೆ ಸೇರಿಸಿತು. ಶಾಲೆಯ ಮಟ್ಟಿಗೆ ಈ ಎರಡನೆಯದೇ ದೊಡ್ಡ ಸಂಗತಿ.

'ತನ್ನಲ್ಲೇ ಲೀನ' ಎಂಬ ಅರ್ಥ ಏಕೆ ಸಲ್ಲದು ಎಂಬುದಕ್ಕೆ 2005ರಲ್ಲಿ ಡೈನಾ ಮರ್ರೆ ಮತ್ತು ಸಂಗಡಿಗರು ಬರೆದ ಲೇಖನ ಚೆನ್ನಾಗಿ ಒದಗುತ್ತದೆ. ಅವರ ಪ್ರಕಾರ ಆಟಿಸಂ ಇರುವವರ ಗಮನ ಒಂದು ಹೊತ್ತಿಗೆ ಒಂದೇ ಕಾಲುವೆಯಲ್ಲಿ, ಪೂರ್ತಿ ನೀರಾಗಿ ಹರಿಯುತ್ತದೆ. ಮಿಕ್ಕವರದು ನಾಲ್ಕಾರು ಕಾಲುವೆಗಳಲ್ಲಿ ಹಂಚಿಕೊಂಡು ಹರಿಯುತ್ತದೆ. ಬಳೆಯ ಟೀಚರು ಆ ಅರ್ಧ ನಿಮಿಷ ತನ್ನಲ್ಲಿ ಲೀನರಾಗಿರಲಿಲ್ಲ, ಹುಡುಗನ ಪ್ರಶ್ನೆಯಲ್ಲಿ ಲೀನರಾಗಿದ್ದರು. ನನ್ನನ್ನು ಕೇಳಿದರೆ 'ವಿಷಯಲೀನ' ಎನ್ನುವುದೇ ಸರಿ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಇದರಲ್ಲಿ ಮಾತೇ ಬಾರದವರು, ದಿನವಿಡೀ ಆರೈಕೆ ಬೇಕಾದವರು ಎಲ್ಲರೂ ಸೇರುತ್ತಾರೆ, ಹಾಗಾಗಿ ಅದೇ ಲೆಕ್ಕವನ್ನು ಶಿಕ್ಷಕರಿಗೆ ಹಚ್ಚಲಾಗದು. ಆದರೂ ಒಂದು ತಾಲ್ಲೂಕಿನ ನೂರಾರು ಶಿಕ್ಷಕರಲ್ಲಿ ಒಬ್ಬರೂ ಇಲ್ಲವೆಂದು ನಂಬುವುದು ಕಷ್ಟ. ಅದರಲ್ಲೂ ಹೆಂಗಸರು. ಹುಡುಗಿಯರಲ್ಲಿ ಆಟಿಸಂ ಗುರುತಾಗುವುದು ಕಡಿಮೆ, ಗುರುತಾದರೂ ತಡ. ಹಿಂದೆ ನಾಲ್ಕು ಹುಡುಗರಿಗೆ ಒಬ್ಬ ಹುಡುಗಿ ಎನ್ನುತ್ತಿದ್ದರು. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ಅನುಪಾತ ಮೂರಕ್ಕೆ ಒಂದರ ಸುತ್ತ ಬಂತು. ಪ್ರೈಮರಿ ಶಾಲೆಗಳಲ್ಲಿ ಹೆಂಗಸರೇ ಹೆಚ್ಚಿರುವ ಈ ವೃತ್ತಿಯಲ್ಲಿ, ತನಗೆ ಏನಿದೆ ಎಂದು ಗೊತ್ತಿಲ್ಲದೆಯೇ ನಿವೃತ್ತರಾದವರು ಇದ್ದೇ ಇರಬೇಕು. ಊರಿನಲ್ಲಿ ಅವರಿಗೆ ಬೇರೆ ಹೆಸರುಗಳಿದ್ದವು. ಗಡಿಯಾರದ ಮೇಷ್ಟ್ರು, ಯಾರ ಮನೆಗೂ ಹೋಗದ ಅಕ್ಕೋರು, ಮದುವೆಗೆ ಬಂದರೂ ಮೂಲೆಯಲ್ಲಿ ಪುಸ್ತಕ ಹಿಡಿದು ಕೂರುವ ಸಾರು. ಸತ್ತುಹೋದ ಮಹನೀಯರಿಗೆ ಈಗ ಕೂತು ಆಟಿಸಂ ಪಟ್ಟ ಕಟ್ಟುವ ಚಪಲ ನನಗಿಲ್ಲ. ಬದುಕಿರುವವರ ವಿಚಾರವೇ ಬೇಕಾದಷ್ಟಿದೆ.

ಬದುಕಿರುವವರನ್ನು ಕೂರಿಸಿ ಕೇಳಿದ ಕೆಲಸ ನಡೆದದ್ದು ಬ್ರಿಟನ್ನಿನಲ್ಲಿ. ರೆಬೆಕಾ ವುಡ್ ಎಂಬ ಸಂಶೋಧಕಿ, ಅವರೂ ಹಿಂದೆ ಶಿಕ್ಷಕಿಯಾಗಿದ್ದವರು, ಶಾಲೆಗಳಲ್ಲಿ ಕೆಲಸ ಮಾಡುವ ಆಟಿಸ್ಟಿಕ್ ಸಿಬ್ಬಂದಿಗಾಗಿಯೇ ಒಂದು ಯೋಜನೆ ನಡೆಸಿದರು. ಫ್ರಾನ್ಸೆಸ್ಕಾ ಹ್ಯಾಪೆ ಜೊತೆ ಅವರು 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 149 ಮಂದಿ ಮಾತಾಡಿದ್ದಾರೆ. ಮುಂದಿನ ವರ್ಷ ಅದೇ ಯೋಜನೆಯಿಂದ ಬಂದ ಪುಸ್ತಕದಲ್ಲಿ ಆಟಿಸಂ ಇರುವ ಶಿಕ್ಷಕರೇ ಅಧ್ಯಾಯಗಳನ್ನು ಬರೆದಿದ್ದಾರೆ. ಕೆಲಸ ಬಿಟ್ಟು ಹೋದವರ ಬಗ್ಗೆಯೂ ವುಡ್ ಬೇರೆಯಾಗಿ ಬರೆದರು. ಸಮೀಕ್ಷೆಯಲ್ಲಿ ಮತ್ತೆ ಮತ್ತೆ ಬರುವ ದೂರುಗಳು ಗಣಿತದ ಬಗ್ಗೆಯೋ ವ್ಯಾಕರಣದ ಬಗ್ಗೆಯೋ ಅಲ್ಲ. ಸಹೋದ್ಯೋಗಿಗಳಿಗೆ ಅರ್ಥವಾಗದಿರುವುದು, ಶಾಲೆಯ ಸದ್ದು ಬೆಳಕುಗಳ ಹಿಂಸೆ, ಹೇಳಿಕೊಳ್ಳಲೂ ಆಗದ ಮುಚ್ಚಿಡಲೂ ಆಗದ ಸಂಕಟ, ಅದರಿಂದ ಮನಸ್ಸಿಗೆ ಆಗುವ ಪೆಟ್ಟು. ಒಳ್ಳೆಯ ಮುಖ್ಯಸ್ಥರು ಸಿಕ್ಕಲ್ಲಿ ಇದೇ ಜನ ನೆಮ್ಮದಿಯಾಗಿ ಕೆಲಸ ಮಾಡಿದ್ದಾರೆ. ವಿಶೇಷ ಅಗತ್ಯವಿರುವ ಮಕ್ಕಳಿಗೆ ತಮ್ಮಿಂದ ದೊಡ್ಡ ಉಪಕಾರವಾಗಿದೆ ಎಂದೂ ಹೇಳಿದ್ದಾರೆ.

ಇಂಥ ಸಮೀಕ್ಷೆಗೆ ತಾವಾಗಿ ಬಂದು ಉತ್ತರಿಸಿದವರು ಎಲ್ಲರ ಪ್ರತಿನಿಧಿಗಳಲ್ಲ, ಅದು ನಿಜ. ಆದರೆ ನಮ್ಮ ಟೀಚರಿಗೆ ಆ ದೂರುಗಳ ಸಾರವನ್ನು ಕನ್ನಡದಲ್ಲಿ ಹೇಳಿದಾಗ ಅವರು, "ಇದು ನಮ್ಮ ಸ್ಕೂಲಲ್ವಾ?" ಎಂದರು.

ನಮ್ಮ ಸ್ಕೂಲು ಹೇಗಿರುತ್ತದೆ ನೋಡಿ. ಮರಕ್ಕೆ ನೇತು ಹಾಕಿದ ರೈಲು ಕಂಬಿಯ ತುಂಡೇ ಗಂಟೆ. ಪ್ರಾರ್ಥನೆಗೆ ಮೈಕು, ಅದರ ಕೀರಲು. ಹಾಲು ಕುಡಿಯುವ ಹೊತ್ತಿಗೆ ನೂರು ಸ್ಟೀಲ್ ಲೋಟಗಳು ಸಿಮೆಂಟ್ ನೆಲಕ್ಕೆ ತಾಗುವ ಸದ್ದು. ತರಗತಿಗೆ ಅಂಟಿಕೊಂಡೇ ಬಿಸಿಯೂಟದ ಅಡುಗೆಮನೆ, ಹನ್ನೆರಡೂವರೆಗೆ ಒಣಮೆಣಸಿನ ಒಗ್ಗರಣೆಯ ಘಾಟು. ಶೀಟಿನ ಮಾಡಾದರೆ ಮಳೆಗಾಲದಲ್ಲಿ ಪಾಠ ಮಾಡುವವರ ಮಾತು ಮೊದಲ ಬೆಂಚಿಗೂ ಕೇಳುವುದಿಲ್ಲ. ನಮಗೂ ಇದೆಲ್ಲ ಕಿರಿಕಿರಿಯೇ. ಆದರೆ ನಮ್ಮ ಮೆದುಳು ಬೇಡದ ಸದ್ದನ್ನು ಕ್ರಮೇಣ ಹಿಂದಕ್ಕೆ ಸರಿಸುತ್ತದೆ. ಆಟಿಸಂ ಇರುವ ಅನೇಕರಿಗೆ ಆ ಸೌಲಭ್ಯವಿಲ್ಲ. ಫ್ಯಾನಿನ ಕಟಕಟ, ಪಕ್ಕದ ಕ್ಲಾಸಿನ ಮಗ್ಗಿ, ಎದುರಿಗಿರುವ ಮಗುವಿನ ಪ್ರಶ್ನೆ ಎಲ್ಲವೂ ಒಂದೇ ಜೋರಿನಲ್ಲಿ, ಒಂದೇ ಸಲ ಬಂದು ಬೀಳುತ್ತವೆ. "ಗಂಟೆ ಹೊಡೆದು ಮುಗಿದ ಮೇಲೂ ಹಲ್ಲಿನೊಳಗೆ ಇರುತ್ತೆ" ಎನ್ನುತ್ತಾರೆ ನಮ್ಮ ಟೀಚರು. ಅದಕ್ಕೇ ಗಂಟೆಗೆ ಎರಡು ನಿಮಿಷ ಮೊದಲೇ ಬೋರ್ಡ್ ಒರೆಸುವ ನೆಪದಲ್ಲಿ ಬೆನ್ನು ತಿರುಗಿಸಿ ಹಲ್ಲು ಕಚ್ಚಿಕೊಂಡು ಕಾಯುತ್ತಿದ್ದರಂತೆ. ನನಗೆ ಅಚ್ಚರಿಯಾದ ಮಾತು ಇನ್ನೊಂದಿದೆ: ತನ್ನ ಕ್ಲಾಸಿನ ಗದ್ದಲ ಅವರಿಗೆ ಅಷ್ಟು ಹಿಂಸೆಯಲ್ಲ. ಅದು ಎಲ್ಲಿಂದ ಬರುತ್ತಿದೆ, ಯಾಕೆ, ಯಾವಾಗ ನಿಲ್ಲುತ್ತದೆ ಎಂದು ಗೊತ್ತು. ಕಾರಿಡಾರಿನ, ಮೈದಾನದ, ಊಟದ ಸಾಲಿನ ಗದ್ದಲಕ್ಕೆ ತಲೆಯೂ ಇಲ್ಲ ಬಾಲವೂ ಇಲ್ಲ.

ಗೊತ್ತಿದ್ದರೆ ತಡೆದುಕೊಳ್ಳಬಹುದು, ಗೊತ್ತಿಲ್ಲದ್ದು ಬಂದರೆ ಕುಸಿಯುತ್ತೇನೆ ಎಂಬುದನ್ನು ನಾನು ಮಾತಾಡಿಸಿದ ಎಲ್ಲರೂ ಒಂದಲ್ಲ ಒಂದು ಮಾತಿನಲ್ಲಿ ಹೇಳಿದರು. ನಮ್ಮ ಸರ್ಕಾರಿ ಶಿಕ್ಷಕರ ದಿನದಲ್ಲಿ ಗೊತ್ತಿಲ್ಲದ್ದೇ ಹೆಚ್ಚು. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. ಆ ಮೂರೇ ಸಾಕಷ್ಟಾಯಿತು. ಅದರ ಮೇಲೆ ರಾತ್ರಿ ಹತ್ತಕ್ಕೆ ವಾಟ್ಸಾಪ್ ಗುಂಪಿನಲ್ಲಿ ಬೀಳುವ 'ನಾಳೆ ಬೆಳಿಗ್ಗೆಯೊಳಗೆ' ಎಂಬ ಸಂದೇಶ, ಯಾರೋ ರಜೆ ಹಾಕಿದರೆಂದು ಬಾಗಿಲಲ್ಲಿ ನಿಂತು ಹೇಳುವ ಬದಲಿ ಪೀರಿಯಡ್, ಹೇಳದೆ ಕೇಳದೆ ಬರುವ ತಪಾಸಣೆ. ಬೇರೆಯವರು ಗೊಣಗಿಕೊಂಡು ಮಾಡಿಬಿಡುತ್ತಾರೆ. ಆಟಿಸಂ ಇರುವವರು ಆ ದಿನವನ್ನು ಹಿಂದಿನ ರಾತ್ರಿಯೇ ಮನಸ್ಸಿನಲ್ಲಿ ಒಮ್ಮೆ ಪೂರ್ತಿ ನಡೆದು ಬಂದಿರುತ್ತಾರೆ. ಒಂದು ಇಟ್ಟಿಗೆ ಕಿತ್ತರೆ ಗೋಡೆಯನ್ನು ಮೊದಲಿಂದ ಕಟ್ಟಬೇಕು.

ಇಲ್ಲಿ ನಲಿಕಲಿಯ ಮಾತು ಬರುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಈ ಪದ್ಧತಿಯನ್ನು ಮೇಲಿನಿಂದ ನೋಡಿದರೆ ಆಟಿಸಂ ಇರುವ ಶಿಕ್ಷಕರಿಗೆ ನರಕ ಎನಿಸಬೇಕು. ಒಂದೇ ಕೋಣೆಯಲ್ಲಿ ಮೂರು ತರಗತಿಯ ಮಕ್ಕಳು, ಹಾಡು, ಕುಣಿತ, ನೆಲದ ಮೇಲೆ ಗುಂಪು ಗುಂಪು. ಆದರೆ ಅದರ ಒಳಗಟ್ಟು ನೋಡಿ: ಗೋಡೆಯ ಮೇಲೆ ಕಲಿಕೆಯ ಏಣಿ, ಏಣಿಗೆ ಮೈಲಿಗಲ್ಲು, ಪ್ರತಿ ಕಾರ್ಡಿಗೂ ಚಿಹ್ನೆ, ಪ್ರತಿ ಮಗು ಯಾವ ಗುಂಪಿನಲ್ಲಿ ಕೂರಬೇಕೆಂಬುದಕ್ಕೆ ನಿಯಮ. ಮುಂದೇನು ಎಂಬುದು ಕಣ್ಣಿಗೆ ಕಾಣುತ್ತದೆ. ಇಂಥ ತರಗತಿಯಲ್ಲಿ ಹತ್ತು ವರ್ಷ ಕೆಲಸ ಮಾಡಿದ ಶಿಕ್ಷಕರೊಬ್ಬರು, "ಕಾರ್ಡ್ ನನ್ನ ಕೈ ಹಿಡಿದಿತ್ತು, ಇಲ್ಲದಿದ್ರೆ ಯಾವತ್ತೋ ಬಿಟ್ಟು ಹೋಗ್ತಿದ್ದೆ" ಎಂದರು. ಗದ್ದಲವಿದ್ದೂ ಗೊಂದಲವಿಲ್ಲದ ಜಾಗ ಇರಬಹುದು, ನಿಶ್ಶಬ್ದವಾಗಿದ್ದೂ ಏನು ನಡೆಯುತ್ತಿದೆ ಎಂದು ತಿಳಿಯದ ಜಾಗ ಇರಬಹುದು. ಎರಡನೆಯದಕ್ಕೆ ಸ್ಟಾಫ್ ರೂಮ್ ಎಂದು ಹೆಸರು.

ಕನ್ನಡದಲ್ಲಿ ನಾವು ನೇರವಾಗಿ ಹೇಳುವುದು ಕಡಿಮೆ. ಇಂಗಿತ ಅರಿತು ನಡೆಯುವವರನ್ನೇ ಜಾಣರೆನ್ನುತ್ತೇವೆ. ಹೆಡ್‌ಮಾಸ್ಟರು "ಆ ರಿಜಿಸ್ಟರ್ ಒಂಚೂರು ನೋಡಿಬಿಡಿ ಮೇಡಂ" ಎಂದರೆ ಸಂಜೆಯೊಳಗೆ ತುಂಬಿ ಕೊಡಿ ಎಂದರ್ಥ. ನಮ್ಮ ಟೀಚರು ರಿಜಿಸ್ಟರನ್ನು ಮೊದಲಿಂದ ಕೊನೆಯವರೆಗೆ ನೋಡಿದರು, ಎರಡು ಕಡೆ ಕೂಡಿಕೆ ತಪ್ಪಿದೆ ಎಂದು ಹೇಳಿ ವಾಪಸ್ ಕೊಟ್ಟರು. ಅವರಿಗೆ ಸಿಕ್ಕ ಹೆಸರು ಅಹಂಕಾರಿ. ಟೀ ಹೊತ್ತಿನಲ್ಲಿ ಯಾರ ಸೀರೆ, ಯಾರ ಸೈಟು ಎಂಬ ಮಾತಿಗೆ ಸೇರದಿದ್ದರೆ 'ಬೆರೆಯಲ್ಲ'. ಸೇರಿದರೆ ಎಲ್ಲಿ ನಗಬೇಕು, ಎಷ್ಟು ಹೊತ್ತು ನಗಬೇಕು ಎಂದು ಪಕ್ಕದವರನ್ನು ನೋಡಿ ಲೆಕ್ಕ ಹಾಕಬೇಕು. ಈ ಲೆಕ್ಕಕ್ಕೆ ಸಂಶೋಧಕರು ಮರೆಮಾಚುವಿಕೆ ಎನ್ನುತ್ತಾರೆ. ಲಾರಾ ಹಲ್ ಮತ್ತು ಸಂಗಡಿಗರು 2017ರಲ್ಲಿ ಇದರ ಬಗ್ಗೆ ಬರೆದ ಲೇಖನ ಬಹಳ ಜನರ ಕಣ್ಣು ತೆರೆಸಿತು. ಮಾತಿನ ನಡುವೆ ಎಷ್ಟು ಸೆಕೆಂಡು ಕಣ್ಣು ನೋಡಬೇಕೆಂದು ಎಣಿಸುವುದು, ಮನೆಯಲ್ಲಿ ವಾಕ್ಯಗಳನ್ನು ಅಭ್ಯಾಸ ಮಾಡಿ ಬರುವುದು, ಕೈ ಆಡಿಸಬೇಕೆನಿಸಿದಾಗ ಸೆರಗಿನಡಿ ಬೆರಳು ಬಿಗಿಹಿಡಿಯುವುದು ಎಲ್ಲವೂ ಇದರೊಳಗೆ ಬರುತ್ತವೆ. ವರ್ಷಗಟ್ಟಲೆ ಹೀಗೆ ನಡೆದರೆ ಏನಾಗುತ್ತದೆ ಎಂಬುದನ್ನು 2020ರಲ್ಲಿ ಡೋರಾ ರೇಮೇಕರ್ ತಂಡ ವಿವರಿಸಿದೆ: ತಿಂಗಳುಗಟ್ಟಲೆ ಬಿಡದ ದಣಿವು, ಮೊದಲು ಸಲೀಸಾಗಿ ಮಾಡುತ್ತಿದ್ದ ಕೆಲಸಗಳೂ ಕೈತಪ್ಪುವುದು, ಸದ್ದು ಬೆಳಕು ತಡೆಯುವ ಶಕ್ತಿ ಇನ್ನೂ ಕುಗ್ಗುವುದು. ಹೊರಗಿನವರಿಗೆ ಇದು ಸೋಮಾರಿತನವಾಗಿ ಕಾಣುತ್ತದೆ. ಸಂಜೆ ಮಾತೇ ಬರಲ್ಲ ಎಂದು ಫೋನಿನಲ್ಲಿ ಹೇಳಿದ್ದರ ಅರ್ಥ ನನಗೆ ಆಗ ಹೊಳೆಯಿತು.

ಈ ಮುಖವಾಡವನ್ನು ಹೊಲಿದುಕೊಟ್ಟವರಲ್ಲಿ ನಾವು ಶಿಕ್ಷಕ ತರಬೇತಿಯವರೂ ಇದ್ದೇವೆ. ಬಿ.ಇಡಿ. ಓದಿದವರಿಗೆ ಸೂಕ್ಷ್ಮ ಬೋಧನೆ ಗೊತ್ತು. 1960ರ ದಶಕದ ಆರಂಭದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಅಲೆನ್ ಮತ್ತು ಸಂಗಡಿಗರು ರೂಪಿಸಿದ ವಿಧಾನ ಅದು. ಬೋಧನೆಯನ್ನು ಚಿಕ್ಕ ಚಿಕ್ಕ ಕೌಶಲಗಳಾಗಿ ಬಿಡಿಸಿ, ಒಂದೊಂದನ್ನೇ ಕೆಲವು ನಿಮಿಷ ಅಭ್ಯಾಸ ಮಾಡಿಸುವುದು. ಅದರಲ್ಲಿ ಒಂದು ಪ್ರಚೋದನೆ ಬದಲಾಯಿಸುವ ಕೌಶಲ: ಓಡಾಡಬೇಕು, ಕೈ ಆಡಿಸಬೇಕು, ಧ್ವನಿ ಏರಿಸಿ ಇಳಿಸಬೇಕು, ನೋಟ ಎಲ್ಲ ಮಕ್ಕಳ ಮೇಲೂ ಹರಿಯಬೇಕು. ಉದ್ದೇಶ ಮಕ್ಕಳ ಗಮನ ಜಾರದಿರಲಿ ಎಂದು. ನಾವು ಉದ್ದೇಶ ಮರೆತೆವು, ಲಕ್ಷಣಗಳಿಗೆ ಅಂಕ ಹಾಕಿದೆವು. ಬಳೆಯ ಪಾಠದ ದಿನ ಮಕ್ಕಳ ಗಮನ ಒಂದು ಕ್ಷಣವೂ ಜಾರಿರಲಿಲ್ಲ. ಅದನ್ನು ಕೊನೆಯ ಬೆಂಚಿನಿಂದ ನಾನೇ ನೋಡುತ್ತಿದ್ದೆ. ನೋಡಿಯೂ ಹಾಳೆಯನ್ನು ನಂಬಿದೆ. ಇನ್ನೂ ಒಂದು ಮಾತು. ನನ್ನ ಬಾಲ್ಯದಲ್ಲಿ ದೊಡ್ಡವರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದರೆ ಉದ್ಧಟತನ ಎನ್ನುತ್ತಿದ್ದರು. ತಲೆ ತಗ್ಗಿಸಿ ಮಾತಾಡುವವರನ್ನು ಮರ್ಯಾದಸ್ಥರು ಎಂದು ಎಣಿಸಿದ ಊರಿನಿಂದ ಬಂದು, ಕಾಲೇಜಿನ ಹಾಳೆ ಕೈಗೆ ಬಂದ ತಕ್ಷಣ ಅದನ್ನೇ ದೋಷವೆಂದು ಬರೆದೆನಲ್ಲ ಎಂಬ ಸಂಕಟ ನನ್ನನ್ನು ಬಿಟ್ಟಿಲ್ಲ.

ಆಟಿಸಂ ಇರುವವರಿಗೆ ಬೇರೆಯವರ ಮನಸ್ಸು ತಿಳಿಯುವುದಿಲ್ಲ, ಹಾಗಿರುವಾಗ ಮಕ್ಕಳಿಗೆ ಹೇಗೆ ಕಲಿಸಿಯಾರು ಎಂದು ಕೇಳುವವರಿದ್ದಾರೆ. ಇದಕ್ಕೆ ಗಟ್ಟಿಯಾದ ಉತ್ತರ ಕೊಟ್ಟವರು ಬ್ರಿಟನ್ನಿನ ಡೇಮಿಯನ್ ಮಿಲ್ಟನ್, ಸ್ವತಃ ಆಟಿಸಂ ಇರುವ ಸಮಾಜಶಾಸ್ತ್ರಜ್ಞ. 2012ರ ಲೇಖನದಲ್ಲಿ ಅವರು ಹೇಳಿದ್ದು ಇಷ್ಟೇ: ಅವರಿಗೆ ನಾವು ಅರ್ಥವಾಗದಿದ್ದರೆ, ನಮಗೂ ಅವರು ಅರ್ಥವಾಗುವುದಿಲ್ಲ. ಕೊರತೆ ಇರುವುದು ಇಬ್ಬರ ನಡುವೆ. ಎಡಿನ್‌ಬರೋದ ಕ್ಯಾಥರೀನ್ ಕ್ರಾಂಪ್ಟನ್ ತಂಡ 2020ರಲ್ಲಿ ಇದನ್ನು ನಮ್ಮ ಮಕ್ಕಳು ಆಡುವ ಕಿವಿಮಾತಿನ ಆಟದಂಥ ಪ್ರಯೋಗದಲ್ಲಿ ನೋಡಿತು. 72 ಮಂದಿ, ಎಂಟೆಂಟು ಜನರ ಸರಪಳಿ. ಕಥೆಯೊಂದನ್ನು ಒಬ್ಬರಿಂದೊಬ್ಬರಿಗೆ ದಾಟಿಸಬೇಕು. ಎಲ್ಲರೂ ಆಟಿಸ್ಟಿಕ್ ಆಗಿದ್ದ ಸರಪಳಿಗಳು, ಯಾರಿಗೂ ಆಟಿಸಂ ಇಲ್ಲದ ಸರಪಳಿಗಳಷ್ಟೇ ಚೆನ್ನಾಗಿ ಕಥೆ ದಾಟಿಸಿದವು. ಬೆರಕೆ ಸರಪಳಿಗಳಲ್ಲಿ ವಿವರ ಹೆಚ್ಚು ಸೋರಿಹೋಯಿತು. 2025ರಲ್ಲಿ ಅದೇ ಸಂಶೋಧಕಿ 311 ಜನರೊಂದಿಗೆ ಮತ್ತೆ ಮಾಡಿದಾಗ ಬೆರಕೆ ಸರಪಳಿಗಳಲ್ಲೂ ಅಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಮೊದಲ ಪ್ರಯೋಗದ ಮೇಲೆ ಪೂರ್ತಿ ಭಾರ ಹಾಕುವುದು ತಪ್ಪು. ಆದರೆ ಎರಡೂ ಸಲ ಉಳಿದು ನಿಂತ ಮಾತೆಂದರೆ, ತಿಳಿದದ್ದನ್ನು ಇನ್ನೊಬ್ಬರಿಗೆ ದಾಟಿಸುವುದರಲ್ಲಿ ಆಟಿಸಂ ಇರುವವರು ಹಿಂದೆ ಬಿದ್ದಿಲ್ಲ. ಶಿಕ್ಷಕರ ಕೆಲಸ ಅದೇ ಅಲ್ಲವೇ?

ಅಮೆರಿಕದ ಟೆಂಪಲ್ ಗ್ರಾಂಡಿನ್ ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ದಶಕಗಳಿಂದ ಪ್ರಾಣಿವಿಜ್ಞಾನದ ಪ್ರಾಧ್ಯಾಪಕಿ. ನಾಲ್ಕು ವರ್ಷದವರೆಗೆ ಮಾತು ಬಾರದಿದ್ದ ಸ್ಟೀಫನ್ ಶೋರ್ ಅಡೆಲ್ಫಿ ವಿಶ್ವವಿದ್ಯಾಲಯದಲ್ಲಿ ವಿಶೇಷ ಶಿಕ್ಷಣದ ಪ್ರಾಧ್ಯಾಪಕರು, ಆಟಿಸಂ ಇರುವ ಮಕ್ಕಳಿಗೆ ಸಂಗೀತವನ್ನೂ ಕಲಿಸುತ್ತಾರೆ. ಇವರ ಹೆಸರು ಎಲ್ಲರೂ ಹೇಳುತ್ತಾರೆ. ಆದರೆ ವಿಶ್ವವಿದ್ಯಾಲಯದ ಕೋಣೆಗೂ ಐದನೇ ತರಗತಿಯ ಕೋಣೆಗೂ ಅಜಗಜಾಂತರ, ಆ ಉದಾಹರಣೆಯಿಂದ ಪ್ರೈಮರಿ ಟೀಚರಿಗೆ ಸಿಗುವ ಧೈರ್ಯ ಸ್ವಲ್ಪವೇ. ನನಗೆ ಹತ್ತಿರವಾದದ್ದು ನಮ್ಮ ಟೀಚರು ಹೇಳಿದ ಒಂದು ಚಿಕ್ಕ ಸಂಗತಿ. ಏಳನೇ ತರಗತಿಯ ಹುಡುಗನೊಬ್ಬ ಪ್ರತಿದಿನ ಪ್ರಾರ್ಥನೆಯ ಹೊತ್ತಿಗೆ ಶೌಚಾಲಯದಲ್ಲಿ ಅಡಗುತ್ತಿದ್ದ. ದೈಹಿಕ ಶಿಕ್ಷಕರು ಶಿಕ್ಷೆ ಕೊಟ್ಟರು, ಅಪ್ಪ ಬಂದು ಹೊಡೆದ. ಇವರು ಅವನನ್ನು ಮೈಕಿನಿಂದ ದೂರ, ಹಿಂದಿನ ಸಾಲಿನಲ್ಲಿ ತನ್ನ ಪಕ್ಕ ನಿಲ್ಲಿಸಿಕೊಂಡರು, ಅಷ್ಟೇ. ಮೈಕು ಕೀರಲಿಡುವಾಗ ಇಬ್ಬರೂ ಒಟ್ಟಿಗೆ ಕಣ್ಣು ಮುಚ್ಚುತ್ತಿದ್ದರಂತೆ. ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಿದರೆ ಯಾರೂ ಏನೂ ಅನ್ನುವುದಿಲ್ಲ.

ಹಾಗೆಂದು ಆಟಿಸಂ ಇರುವ ಮಕ್ಕಳಿಗೆ ಆಟಿಸಂ ಇರುವವರೇ ಸರಿಯಾದ ಶಿಕ್ಷಕರು ಎಂದು ಸೂತ್ರ ಕಟ್ಟಬಾರದು. ಸಮಾಧಾನಕ್ಕಾಗಿ ಇಡೀ ದಿನ ಗುನುಗುವ ಮಗು, ಗುನುಗು ಕೇಳಿದರೆ ತಲೆ ಸಿಡಿಯುವ ಟೀಚರು ಒಂದೇ ಕೋಣೆಯಲ್ಲಿದ್ದರೆ ಇಬ್ಬರಿಗೂ ಹಿಂಸೆ. ಮುಖ ಗುರುತಿಸುವುದು ಕೆಲವರಿಗೆ ನಿಜಕ್ಕೂ ಕಷ್ಟ. ಒಂದೇ ಸಮವಸ್ತ್ರದ ಐವತ್ತು ಮಕ್ಕಳಲ್ಲಿ ಯಾರು ಯಾರೆಂದು ಡಿಸೆಂಬರ್ ಬಂದರೂ ಗೊತ್ತಾಗದವರು ಕೂರುವ ಜಾಗದ ನಕ್ಷೆಯನ್ನು ಮೇಜಿನ ಗಾಜಿನಡಿ ಇಟ್ಟುಕೊಂಡು ಕೆಲಸ ಸಾಗಿಸುತ್ತಾರೆ. ಪೋಷಕರ ಸಭೆ ಕಷ್ಟ. ಜಗಳ ಬಿಡಿಸುವುದು ಕಷ್ಟ. ಇದನ್ನು ಮುಚ್ಚಿಟ್ಟು ಬರೀ ಗುಣಗಾನ ಮಾಡಿದರೆ ಅವರಿಗೆ ಬೇಕಾದ ಸಹಾಯ ಕೇಳುವ ಬಾಯಿಯನ್ನೇ ಕಟ್ಟಿದಂತೆ.

ಸಹಾಯ ಕೇಳುವುದಕ್ಕೆ ಕಾನೂನಿನ ಬಲ ಇದೆಯೇ? ಇದೆ, ಕಾಗದದಲ್ಲಿ ಚೆನ್ನಾಗಿಯೇ ಇದೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು, ಆಟಿಸಂ ಅದರಲ್ಲಿರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅದನ್ನು ಹೆಸರಿಸಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಸೇರಿತು. ಸರ್ಕಾರಿ ನೇಮಕಾತಿಯ ಶೇ. 4 ಮೀಸಲಾತಿಯಲ್ಲಿ ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ ಮತ್ತು ಬಹುವಿಧ ವೈಕಲ್ಯ ಎಲ್ಲಕ್ಕೂ ಸೇರಿ ಶೇ. 1. ಅದಕ್ಕಿಂತ ಮುಖ್ಯವಾದದ್ದು 20ನೇ ಸೆಕ್ಷನ್: ಸರ್ಕಾರಿ ಸಂಸ್ಥೆ ತನ್ನ ನೌಕರರಿಗೆ ಸೂಕ್ತ ಹೊಂದಾಣಿಕೆ ಮಾಡಿಕೊಡಬೇಕು. ಮಾಡಿಕೊಡದಿದ್ದರೆ ಅದೇ ತಾರತಮ್ಯ ಎಂದು ಕಾಯ್ದೆಯ ವ್ಯಾಖ್ಯೆಯಲ್ಲೇ ಇದೆ. 2021ರ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಹೊಂದಾಣಿಕೆಯ ತತ್ವವನ್ನು ಎತ್ತಿ ಹಿಡಿಯಿತು, ಮೀಸಲಾತಿಗೆ ಬೇಕಾದ ಶೇ. 40ರ ಮಿತಿಯನ್ನು ಅದಕ್ಕೆ ತಂದು ಗಂಟುಹಾಕಬಾರದು ಎಂದಿತು. ಆ ಪ್ರಕರಣ ಪರೀಕ್ಷೆಯಲ್ಲಿ ಬರೆಯಲು ಸಹಾಯಕ ಬೇಕೆಂದು ಕೇಳಿದ ಅಭ್ಯರ್ಥಿಯದು. ಆದರೆ ಅದರ ಬೆಳಕು ಶಾಲೆಯ ಕೋಣೆಗೂ ಬೀಳಬೇಕು.

ಪ್ರಮಾಣಪತ್ರದ ಬಾಗಿಲಲ್ಲಿ ದಾರಿ ಮತ್ತೆ ಇಕ್ಕಟ್ಟಾಗುತ್ತದೆ. ನಮ್ಮಲ್ಲಿ ಆಟಿಸಂ ಅಳೆಯಲು ಬಳಸುವ ಭಾರತೀಯ ಮಾಪಕದಲ್ಲಿ 40 ಅಂಶಗಳಿವೆ. ಮೊದಲನೆಯದೇ ಕಣ್ಣಿನ ಸಂಪರ್ಕ. ಪ್ರತಿ ಲಕ್ಷಣ ಎಷ್ಟು ಸಲ ಕಾಣುತ್ತದೆ ಎಂಬುದಕ್ಕೆ 1ರಿಂದ 5ರವರೆಗೆ ಅಂಕ, ಒಟ್ಟು 70 ಮುಟ್ಟದಿದ್ದರೆ ಆಟಿಸಂ ಇಲ್ಲವೆಂದು ಲೆಕ್ಕ. ಇಪ್ಪತ್ತೈದು ವರ್ಷ ಬೆವರು ಸುರಿಸಿ ಕಣ್ಣು ನೋಡುವುದನ್ನು ಕಲಿತವರಿಗೆ ಅಲ್ಲಿ ಅಂಕ ಬೀಳುವುದಿಲ್ಲ. ನಾನು ಅಂದು ಕಣ್ಣು ನೋಡಲಿಲ್ಲವೆಂದು ಅಂಕ ಕಳೆದೆ, ಇಂದು ನೋಡುತ್ತಾರೆಂದು ಅಂಕ ಸಿಗುವುದಿಲ್ಲ. ಅಳತೆಗಳೆಲ್ಲ ಹೊರಗೆ ಕಾಣುವುದನ್ನು ಎಣಿಸುತ್ತವೆ. ಕಾಣದಂತೆ ಮಾಡಲು ತೆತ್ತ ಬೆಲೆಯನ್ನು ಎಣಿಸುವುದಿಲ್ಲ.

ಬ್ರಿಟನ್ನಿನಲ್ಲಿ 2010ರ ಸಮಾನತೆ ಕಾಯ್ದೆ ಇಂಥದೇ ಹೊಂದಾಣಿಕೆಯನ್ನು ಕಡ್ಡಾಯ ಮಾಡಿದೆ. ಆದರೂ 2024ರಲ್ಲಿ ಬಂದ ಬಕ್ಲೆಂಡ್ ವರದಿ ದುಡಿಯುವ ವಯಸ್ಸಿನ ಆಟಿಸ್ಟಿಕ್ ಜನರಲ್ಲಿ ಹತ್ತಕ್ಕೆ ಮೂವರಷ್ಟೇ ಕೆಲಸದಲ್ಲಿದ್ದಾರೆ ಎಂದಿತು. ಕಾನೂನೊಂದರಿಂದಲೇ ಕೆಲಸ ಆಗುವುದಿಲ್ಲ. ಇದರಲ್ಲಿ ದುಡ್ಡಿನ ಪ್ರಶ್ನೆ ಬಹಳ ಕಡಿಮೆ ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ. ಬದಲಿ ಪೀರಿಯಡ್ ಇದ್ದರೆ ಹಿಂದಿನ ಸಂಜೆ ತಿಳಿಸುವುದು. ಬಾಯಿಮಾತಿನ ಬದಲು ಚೀಟಿಯಲ್ಲಿ ಬರೆದು ಕೊಡುವುದು. ಊಟದ ಸಾಲಿನ ಉಸ್ತುವಾರಿಗೆ ಬದಲಾಗಿ ಅಂಕಪಟ್ಟಿ ತುಂಬುವ ಕೆಲಸ ವಹಿಸುವುದು. ಮಧ್ಯಾಹ್ನ ಹದಿನೈದು ನಿಮಿಷ ಗ್ರಂಥಾಲಯದ ಬಾಗಿಲು ಹಾಕಿಕೊಂಡು ಕೂರಲು ಬಿಡುವುದು. ವರ್ಷವಿಡೀ ಒಂದೇ ಕೋಣೆ. ಇಷ್ಟಕ್ಕೆ ಯಾವ ಅನುದಾನ ಬೇಕು? ಬೇಕಾದದ್ದು ಕೇಳಿದವರನ್ನು ಸಂಶಯದಿಂದ ನೋಡದ ಒಬ್ಬ ಹೆಡ್‌ಮಾಸ್ಟರು.

ಕೇಳುವುದೇ ಕಷ್ಟ ಎಂಬುದನ್ನು ನಾನು ಒಪ್ಪುತ್ತೇನೆ. ಹೇಳಿಕೊಂಡರೆ 'ಮಕ್ಕಳ ಜೊತೆ ಇವರನ್ನು ಬಿಡಬಹುದೇ' ಎಂಬ ಪಿಸುಮಾತು ಶಾಲಾಭಿವೃದ್ಧಿ ಸಮಿತಿಯವರೆಗೆ ಹೋಗುತ್ತದೆ. ಮಗಳ ಮದುವೆಗೆ ಅಡ್ಡಿಯಾಗುತ್ತದೆ ಎಂದು ಹೆದರಿದವರನ್ನು ಕಂಡಿದ್ದೇನೆ. ಹೇಳಿಕೊಳ್ಳಿ ಎಂದು ನಾನು ಯಾರಿಗೂ ಸಲಹೆ ಕೊಡಲಾರೆ. ಆ ಬೆಲೆ ತೆರುವವನು ನಾನಲ್ಲ. ಆದರೆ ಹೊಂದಾಣಿಕೆಗೆ ಆಟಿಸಂ ಎಂಬ ಹೆಸರು ಬೇಕೇ ಬೇಕೆಂದಿಲ್ಲ. ಹಿಂದಿನ ಸಂಜೆ ಚೀಟಿ ಕೊಟ್ಟರೆ ಸ್ಟಾಫ್ ರೂಮಿನ ಎಲ್ಲರಿಗೂ ಅನುಕೂಲವೇ.

ನಮ್ಮ ಟೀಚರು ಈಗಿರುವ ಶಾಲೆಯಲ್ಲಿ ಅಂಥ ಚೀಟಿ ಬರುತ್ತದೆ. ಅಲ್ಲಿಯ ಹೆಡ್‌ಮಿಸ್ಟ್ರೆಸ್‌ಗೆ ಆಟಿಸಂ ವಿಚಾರ ಗೊತ್ತಿಲ್ಲ. "ಅವರಿಗೆ ಮೊದಲೇ ಹೇಳಿದರೆ ಕೆಲಸ ಹೂವಿನ ಹಾಗೆ ಮಾಡ್ತಾರೆ" ಎಂಬುದಷ್ಟೇ ಗೊತ್ತು. ಗಂಟೆ ಬಾರಿಸುವ ಹುಡುಗನಿಗೆ ಕಂಬಿಗೆ ಗೋಣಿತಾಟು ಸುತ್ತಿ ಬಾರಿಸು ಎಂದು ಹೇಳಿದ್ದೂ ಅವರೇ, ಪಕ್ಕದ ಅಂಗನವಾಡಿಯ ಕೂಸುಗಳು ಬೆಚ್ಚುತ್ತವೆ ಎಂದು.

ಈ ಬರಹವನ್ನು ಅಚ್ಚಿಗೆ ಕೊಡುವ ಮೊದಲು ಟೀಚರಿಗೆ ಕಳಿಸಿದೆ. ಎರಡು ದಿನ ಬಿಟ್ಟು ತಿದ್ದಿ ಕಳಿಸಿದರು. ಜಿಲ್ಲೆಯ ಹೆಸರನ್ನು ಹೊಡೆದು ಹಾಕಿದ್ದರು, ಮಗನ ಬಗ್ಗೆ ಇದ್ದ ಎರಡು ವಾಕ್ಯಗಳನ್ನೂ. ಬಳೆ ಮತ್ತು ಕಡ್ಡಿಯ ಭಾಗದ ಪಕ್ಕ ಪೆನ್ಸಿಲಿನಲ್ಲಿ ಹೀಗೆ ಬರೆದಿದ್ದರು: 'ಇದು ಇರಲಿ. ಆದರೆ ಅರ್ಧ ನಿಮಿಷ ಅಲ್ಲ, ಸರ್. ಹದಿನೆಂಟು ಸೆಕೆಂಡು. ನಿಮ್ಮ ತಲೆಯ ಮೇಲಿದ್ದ ಗಡಿಯಾರವನ್ನೇ ನಾನು ನೋಡುತ್ತಿದ್ದೆ.'